ಕೆಳಗೆ ಸೆಕೆ, ಮೇಲೆ ತಂಪು: ಇದು ಸುಳ್ಳಾ?

ಕುಂಬಳೆ ಮಾಸ್ಟ್ರು: "ಆಕಾಶ ತಣ್ಣಗಾಗ್ತಿದೆ, ಹಾಗಾಗಿ ಭೂಮಿ ಬಿಸಿಯಾಗೋದು ಸುಳ್ಳು" ಎಂದು ನಿನ್ನೆ ಒಬ್ಬರು ಇಲ್ಲಿ ಬರೆದಿದ್ದರು. ಮೊದಲರ್ಧ ಸರಿ. 1979ರಿಂದ ಉಪಗ್ರಹದ ಲೆಕ್ಕ ಇದೆ. ಮಳೆ, ಮೋಡ ಇರುವ ಕೆಳಗಿನ ಪದರ ಬಿಸಿಯಾಗಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗಿದೆ. ಸೂರ್ಯನೇ ಕಾರಣ ಆಗಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಹೀಗೇ ಆಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಮನಾಬೆ, ವೆದರಾಲ್ಡ್ 1967ರಲ್ಲೇ ಲೆಕ್ಕ ಹಾಕಿದ್ದರು. ಮಂಜೇಶ್ವರಂ ಬೀಚಲ್ಲಿ ಸೆಕೆ ಅಂತ ಕೊರಗುವವರು ಇದನ್ನೂ ಓದಿ.

ಅಡಿಕೆ ತೋಟದವ: "ತಣ್ಣಗಾಗಿದೆ." ಒಪ್ಪಿಕೊಂಡ್ರಲ್ಲ! ಅದು ಓಝೋನ್ ಕಡಿಮೆಯಾಗಿ ಆದದ್ದು, ನಿಮ್ಮ ಹೊಗೆಯಿಂದ ಅಲ್ಲ.

ಗಡಿನಾಡ ಕಂದ: ಮಂಜೇಶ್ವರ"ಂ"? ಗೋವಿಂದ ಪೈಗಳ ಊರಿಗೆ ಈ ಸೊನ್ನೆ ಯಾವಾಗ ಅಂಟಿಕೊಂಡಿತು ಮಾಸ್ಟ್ರೇ?

ಕುಂಬಳೆ ಮಾಸ್ಟ್ರು: ಫೋನ್ ತಾನೇ ಹಾಕಿದ್ದು. ಓಝೋನ್‌ದೂ ಪಾಲಿದೆ. ಆದರೆ ಅದು ಚೇತರಿಸಿಕೊಳ್ಳಲು ಶುರು ಮಾಡಿದ ಮೇಲೂ ಸ್ಟ್ರಾಟೋಸ್ಫಿಯರಿನ ಮೇಲ್ಭಾಗ ತಣ್ಣಗಾಗುತ್ತಲೇ ಇದೆ.

ಗಡಿನಾಡ ಕಂದ: "ತಾನೇ ಹಾಕಿದ್ದು." 1956ರಲ್ಲಿ ಕೇರಳಕ್ಕೆ ಸೇರಿದಾಗಿನಿಂದಲೂ ಎಲ್ಲ ತಾನೇ ಆಗ್ತಿದೆ ನಮ್ಮಲ್ಲಿ. ಬೋರ್ಡೂ ತಾನೇ, ಫಾರಮ್ಮೂ ತಾನೇ.

ಉಪ್ಪಳದಿಂದ: ಒಂದು ಸೊನ್ನೆಗೆ ಇಷ್ಟು ಗಲಾಟೆಯಾ? ಮಲಯಾಳದಲ್ಲಿ ಹಾಗೇ ಹೇಳೋದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಇಲ್ಲಿ ಬಂದ ಕೂಡಲೇ ಕನ್ನಡದ ಕಾವಲುಗಾರ.

ಗಡಿನಾಡ ಕಂದ: ನನ್ನ ಮನೆ ಸುದ್ದಿ ಯಾಕೆ? ಮಲಯಾಳದಲ್ಲಿ ಬರೆಯುವಾಗ ಹಾಕಿಕೊಳ್ಳಿ, ಇದು ಕನ್ನಡ ಪೋಸ್ಟ್!

ಅಡಿಕೆ ತೋಟದವ: ನನ್ನ ಪ್ರಶ್ನೆ ಜಾರಿಸಬೇಡಿ. ಉಷ್ಣವಲಯದಲ್ಲಿ 10-12 ಕಿಲೋಮೀಟರ್ ಮೇಲೆ ನೆಲಕ್ಕಿಂತ ಜಾಸ್ತಿ ಬಿಸಿಯಾಗಬೇಕು ಅಂತ ಹವಾಮಾನದ ಕಂಪ್ಯೂಟರ್ ಮಾದರಿಗಳು ಹೇಳ್ತವೆ. ವಿಜ್ಞಾನಿಗಳಾದ ಸ್ಪೆನ್ಸರ್, ಕ್ರಿಸ್ಟಿಯವರ ಉಪಗ್ರಹ ಲೆಕ್ಕದಲ್ಲಿ ಅಷ್ಟು ಕಾಣೋದಿಲ್ಲ.

ಕುಂಬಳೆ ಮಾಸ್ಟ್ರು: ಅದೇ ಲೆಕ್ಕವನ್ನು ಎಷ್ಟು ಸಲ ತಿದ್ದಿದ್ದಾರೆ ಗೊತ್ತಾ? ಉಪಗ್ರಹ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅದರಿಂದ ಸುಳ್ಳು ತಂಪು ಸೇರಿಕೊಂಡದ್ದನ್ನು 1998ರಲ್ಲಿ ವೆಂಟ್ಜ್, ಶಾಬೆಲ್ ಎಂಬ ವಿಜ್ಞಾನಿಗಳು ತೋರಿಸಿದರು.

ಅಡಿಕೆ ತೋಟದವ: "ತಿದ್ದಿದ್ದಾರೆ." ಹೌದು, ಉತ್ತರ ಇಷ್ಟ ಆಗದಿದ್ದರೆ ತಿದ್ದೋದು.

ಉಪ್ಪಳದಿಂದ: ಮಾಸ್ಟ್ರ ಫೋನ್ ಹಾಗೆ.

ಬದಿಯಡ್ಕ ಬಿಸಿಲು: ಉತ್ತರ ಧ್ರುವದ ಕಡೆ 1979ರ ನಂತರ ಜಗತ್ತಿನ ಸರಾಸರಿಯ ಸುಮಾರು 4 ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಹಿಮ ಕರಗಿದರೆ ಕಪ್ಪು ಕಡಲು ಬಿಸಿಲನ್ನು ಹೀರುತ್ತದೆ. ಅದನ್ನು ಯಾರೂ ಮಾತಾಡೋದಿಲ್ಲ.

ಅಡಿಕೆ ತೋಟದವ: ಧ್ರುವದಲ್ಲಿ ಅಡಿಕೆ ಬೆಳೀತದಾ?

ಕುಂಬಳೆ ಮಾಸ್ಟ್ರು: ಸೊನ್ನೆ ತೆಗೆದಿದ್ದೇನೆ. ಈಗ ಸ್ಟ್ರಾಟೋಸ್ಫಿಯರ್ ಬಗ್ಗೆ ಮಾತಾಡೋಣವಾ?

ಗಡಿನಾಡ ಕಂದ: ಅದು ನನ್ನ ವಿಷಯ ಅಲ್ಲ. "ಬೀಚಲ್ಲಿ" ಅಂತ ಇನ್ನೂ ಇದೆ. ಕಡಪ್ಪುರ ಅನ್ನೋಕೆ ನಾಚಿಕೆಯಾ?

ಉಪ್ಪಳದಿಂದ: ಕಡಪ್ಪುರ ಯಾವ ಭಾಷೆ ಅಂತ ಒಮ್ಮೆ ನೋಡಿ ಬನ್ನಿ 😂