ಓನರ್ ಹೇಳದೆ ಕೇಳದೆ ಮನೆಯೊಳಗೆ ಬರ್ತಾರೆ, ಬೀಗ ಬದಲಾಯಿಸಬಹುದಾ? ಅನುಭವ ಇದ್ದವರು ಹೇಳಿ

ಮೊದಲ ಮಹಡಿ:
ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಮನೆ. ನಾವು ಮೇಲೆ, ಓನರ್ ಅಂಕಲ್ ಕೆಳಗೆ. ಒಂದು ಕೀ ಅವರ ಹತ್ರ ಇದೆ ಅಂತ ಗೊತ್ತಿತ್ತು, ತಲೆ ಕೆಡಿಸ್ಕೊಂಡಿರಲಿಲ್ಲ. ನನ್ನ ಹೆಂಡತಿಗೆ ನೈಟ್ ಶಿಫ್ಟ್, ಹಗಲು ಮಲಗ್ತಾಳೆ. ಹೋದ ವಾರ ಬಾಗಿಲು ತೆಗೆದ ಸದ್ದಿಗೆ ಎದ್ದು ಬಂದು ನೋಡಿದ್ರೆ ಅಂಕಲ್, ಜೊತೆಗೆ ಗುರುತಿಲ್ಲದ ಇನ್ನಿಬ್ಬರು ಹಾಲ್‌ನಲ್ಲಿ ನಿಂತು ಸೀಲಿಂಗ್ ನೋಡ್ತಿದ್ದಾರೆ. ಬೆಲ್ ಹೊಡೆದೆ, ಯಾರೂ ತೆಗೀಲಿಲ್ಲ ಅಂದ್ರಂತೆ. ಸಂಜೆ ನಾನು ಕೇಳಿದ್ದಕ್ಕೆ "ನನ್ನ ಮನೆಗೆ ನಾನು ಬರೋಕೆ ಯಾರನ್ನ ಕೇಳ್ಬೇಕು" ಅಂದ್ರು. ಎರಡು ಲಕ್ಷ ಅಡ್ವಾನ್ಸ್ ಅವರ ಕೈಲಿದೆ. ಅಗ್ರಿಮೆಂಟ್ ಮುಗಿಯೋಕೆ ಇನ್ನೂ ಐದು ತಿಂಗಳಿದೆ. ಜಗಳ ಆಗದ ಹಾಗೆ ಇದನ್ನ ನಿಲ್ಲಿಸೋದು ಹೇಗೆ?

ತುಂಗಾತೀರ:
ಬದಲಾಯಿಸಿ. ಇವತ್ತೇ. ನಾನು ಬದಲಾಯಿಸಿದೆ, ಆ ಬಗ್ಗೆ ಇವತ್ತಿಗೂ ಹೆಮ್ಮೆ ಇದೆ. ನಮ್ಮ ಓನರ್ ಆಂಟಿ ನಾವು ಆಫೀಸಿಗೆ ಹೋದ ಮೇಲೆ ಬರ್ತಿದ್ರು. ಅಡುಗೆಮನೆ ಕಟ್ಟೆ ಮೇಲಿನ ಡಬ್ಬಿಗಳು ಜಾಗ ಬದಲಾಯಿಸಿರ್ತಿದ್ವು. ಬಾಲ್ಕನಿಯ ಬಟ್ಟೆ ಸ್ಟ್ಯಾಂಡ್ ಒಳಗೆ ಬಂದಿರ್ತಿತ್ತು, ಮೇಲೊಂದು ಚೀಟಿ: "ರೋಡಿಗೆ ಕಾಣುತ್ತೆ, ಇಲ್ಲಿ ಹಾಕಬೇಡಿ". ಒಂದು ಸಲ ಮನೆಗೆ ಬಂದಾಗ ನನ್ನ ಒಳಬಟ್ಟೆಗಳನ್ನ ಮಡಚಿ ಮಂಚದ ಮೇಲೆ ಇಟ್ಟಿದ್ರು. ಅವತ್ತೇ ಬೀಗದವರನ್ನ ಕರೆಸಿದೆ.

ಬೀಗದ ಸಿಲಿಂಡರ್ (ಕೀ ಹಾಕಿ ತಿರುಗಿಸೋ ಒಳಭಾಗ) 1,450, ಕೂರಿಸಿದ್ದಕ್ಕೆ 500. ಹಳೇ ಸಿಲಿಂಡರ್ ಕವರಲ್ಲಿ ಕಟ್ಟಿ ಎತ್ತಿಟ್ಟೆ, ಮನೆ ಬಿಡುವಾಗ ಅದನ್ನೇ ವಾಪಸ್ ಹಾಕಿಸೋಕೆ ಮತ್ತೆ 500. ಆಮೇಲೆ ಅವರ ಆಟ ಶುರು. ಬೆಳಗ್ಗೆ ಆರಕ್ಕೆ ಹಾಕ್ತಿದ್ದ ಮೋಟರ್ ಒಂಬತ್ತಕ್ಕೆ ಹೋಯ್ತು. ಟ್ಯಾಂಕರ್ ಪಾಲು 300 ಇದ್ದದ್ದು 700 ಆಯ್ತು. ಬಿಡುವಾಗ 1,50,000 ಅಡ್ವಾನ್ಸಲ್ಲಿ ಪೇಂಟಿಂಗಿಗೆ 22,000 ಹಿಡಿದ್ರು (ಒಂದು ತಿಂಗಳ ಬಾಡಿಗೆ, ಅಗ್ರಿಮೆಂಟಲ್ಲೇ ಇತ್ತು, ಒಪ್ತೀನಿ). ಕ್ಲೀನಿಂಗ್ 5,000. "ಬಾಗಿಲು ಡ್ಯಾಮೇಜ್" ಅಂತ 6,500! ಬಾಗಿಲಿನ ಮೇಲೆ ಒಂದು ಗೀರು ಇರಲಿಲ್ಲ, ನನ್ನ ಹತ್ರ ಫೋಟೋ ಇದೆ. ಕೈಗೆ ಬಂದದ್ದು 1,16,500. ಆದರೂ ಬಾಗಿಲು ಹಾಕ್ಕೊಂಡು ನೆಮ್ಮದಿಯಾಗಿ ಸ್ನಾನ ಮಾಡಿದ ಆ ತಿಂಗಳುಗಳಿಗೆ ಆ ದುಡ್ಡು ಹೆಚ್ಚಲ್ಲ.

ಮನೆ ಕಟ್ಟಿದವನು:
ಎಲ್ಲರೂ ಬಾಡಿಗೆದಾರರ ಕಡೆಯಿಂದಲೇ ಬರೀತೀರಿ. ನಾನು ಓನರ್. ಇಪ್ಪತ್ತು ವರ್ಷ ಸಾಲ ಕಟ್ಟಿ ಮಾಡಿದ ಮನೆ. ಮೇಲಿನ ಮನೆಯವರು ನನಗೆ ಹೇಳದೆ ಬೀಗ ಬದಲಾಯಿಸಿ, ದಸರಾ ರಜೆಗೆ ಊರಿಗೆ ಹೋದರು. ಗೀಸರಿಗೆ ಹೋಗುವ ಪೈಪ್ ಬಿಟ್ಟುಕೊಂಡಿತು. ರಾತ್ರಿ ನಮ್ಮ ರೂಮಿನ ಫ್ಯಾನಿನ ಕಡ್ಡಿಯಿಂದ ನೀರು ತೊಟ್ಟಿಕ್ಕುತ್ತಿದೆ, ನನ್ನ ಕೈಲಿ ಕೀ ಇದೆ, ಬಾಗಿಲು ತೆರೆಯುತ್ತಿಲ್ಲ. ಫೋನ್ ಸ್ವಿಚ್ ಆಫ್. ಮೇಲೆ ಹತ್ತಿ ಟ್ಯಾಂಕಿನ ವಾಲ್ವ್ ಮುಚ್ಚುವಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಸೀಲಿಂಗ್ ಪ್ಲಾಸ್ಟರ್ 18,000, ವೈರಿಂಗ್ 11,000, ವಾರ್ಡ್‌ರೋಬ್ ಪ್ಲೈವುಡ್ ಉಬ್ಬಿ ಹೋಗಿ 46,000. ಒಟ್ಟು 75,000. ಪೈಪ್ ಹಳೇದು, ನಮ್ಮ ತಪ್ಪಲ್ಲ ಅಂದರು. ಒಂದು ರೂಪಾಯಿ ಬರಲಿಲ್ಲ.

ಕಾನೂನೂ ನಮ್ಮ ಕಡೆ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಕಲಂ 108 ಓದಿ. ಮಾಲೀಕ ಒಳಗೆ ಬಂದು ಸ್ವತ್ತು ಹೇಗಿದೆ ಅಂತ ನೋಡಲು ಬಾಡಿಗೆದಾರ ಬಿಡಲೇಬೇಕು.

ತುಂಗಾತೀರ:
ನಿಮ್ಮ ಪೈಪ್ ಒಡೆದದ್ದಕ್ಕೂ ನನ್ನ ಬಟ್ಟೆ ಮುಟ್ಟಿದ್ದಕ್ಕೂ ಏನ್ರೀ ಸಂಬಂಧ?

ಮನೆ ಕಟ್ಟಿದವನು:
ನಿಮ್ಮಂಥವರು "ಇವತ್ತೇ ಬದಲಾಯಿಸಿ" ಅಂತ ಹೇಳಿಕೊಡುವುದರಿಂದಲೇ ನನಗೆ 75,000 ಹೋಗಿದ್ದು ಮೇಡಂ.

ನಿವೃತ್ತ ಗುಮಾಸ್ತ:
ಕಲಂ 108ನ್ನು ಅರ್ಧ ಓದಿ ಬಿಡಬೇಡಿ ಸ್ವಾಮಿ. ಇಡೀ ಸರ್ವಿಸ್ ಕೋರ್ಟಿನ ಕಡತಗಳ ನಡುವೆಯೇ ಕಳೆದವನು ನಾನು. ನೀವು ಹೇಳಿದ ಉಪಕಲಂ (ಎಂ)ನಲ್ಲಿ "ಎಲ್ಲ ಸೂಕ್ತ ಸಮಯಗಳಲ್ಲಿ" ಎಂಬ ಮಾತಿದೆ. ಹೆಣ್ಣುಮಗಳು ಮಲಗಿರುವಾಗ ಬೀಗ ತೆಗೆದು, ಹೊರಗಿನವರನ್ನು ಕರೆದುಕೊಂಡು ಬರುವುದು ಸೂಕ್ತ ಸಮಯ ಆಗುವುದಿಲ್ಲ. ಅದೇ ಕಲಮಿನ (ಸಿ) ಏನು ಹೇಳುತ್ತದೆ? ಬಾಡಿಗೆ ಕಟ್ಟಿಕೊಂಡು, ಕರಾರಿನಂತೆ ನಡೆದುಕೊಳ್ಳುವವನು ಅಡೆತಡೆಯಿಲ್ಲದೆ ಸ್ವತ್ತನ್ನು ಅನುಭವಿಸಬಹುದು ಎಂದು. ಮನೆ ನಿಮ್ಮದು, ಸ್ವಾಧೀನ ಅವರದು. ಇಷ್ಟನ್ನು ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಇನ್ನೊಂದು, ಈ 108 ನಡೆಯುವುದು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ. ಆದ್ದರಿಂದ ಮೊದಲು ಅಗ್ರಿಮೆಂಟ್ ಓದಿ.

ನನ್ನ ಮಗಳ ಮನೆಯದೇ ಹೇಳುತ್ತೇನೆ. ಓನರ್ ಬ್ರೋಕರುಗಳನ್ನು ಕರೆತಂದು ಬೆಡ್‌ರೂಮಿನ ಕಪಾಟು ತೆಗೆದು ತೋರಿಸುತ್ತಿದ್ದ. ನೋಟಿಸ್ ಕೊಟ್ಟೆವು, ಬಗ್ಗಲಿಲ್ಲ. ಸಿವಿಲ್ ಕೋರ್ಟಿನಲ್ಲಿ ನಿರ್ಬಂಧಕಾಜ್ಞೆಗೆ, ಅಂದರೆ ಆತ ಹೀಗೆ ಒಳಗೆ ಬರದಂತೆ ತಡೆಯುವ ಆದೇಶಕ್ಕೆ, ದಾವೆ ಹಾಕಿದೆವು. ವಕೀಲರಿಗೆ 30,000, ನೋಟಿಸಿಗೆ 2,500, ಟೈಪಿಂಗ್, ಜೆರಾಕ್ಸ್, ನೋಟರಿ ಸೇರಿ 1,800. ತಾತ್ಕಾಲಿಕ ಆಜ್ಞೆ ಸಿಕ್ಕಿತು, ಆ ಮನುಷ್ಯ ಆಮೇಲೆ ಹೊಸ್ತಿಲು ದಾಟಲಿಲ್ಲ. ಆದರೆ 11 ತಿಂಗಳ ಕರಾರು ಮುಗಿದ ಮೇಲೆ ಮುಂದುವರಿಸಲಿಲ್ಲ. ಸಾಮಾನು ಸಾಗಿಸಲು 14,000, ಹೊಸ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಗೆದ್ದೆವು, ಆದರೆ ಗೆದ್ದ ಮನೆಯಲ್ಲಿ ಉಳಿಯಲಿಲ್ಲ.

ಕೃಷ್ಣರಾಜಪುರದವಳು:
24 ಗಂಟೆ ಮೊದಲು ತಿಳಿಸಲೇಬೇಕು ಅಂತ ಹೊಸ ಕಾನೂನು ಬಂದಿದೆಯಲ್ಲ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ?

ನಿವೃತ್ತ ಗುಮಾಸ್ತ:
ಅಮ್ಮಾ, 24 ಗಂಟೆ ಮೊದಲು ಕಾರಣ, ದಿನ, ಸಮಯ ಹೇಳಿ ಬರಹದಲ್ಲಿ ತಿಳಿಸಬೇಕು ಎಂದಿರುವುದು ಮಾದರಿ ಬಾಡಿಗೆ ಕಾಯ್ದೆಯಲ್ಲಿ. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ್ದು. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಕಾನೂನು. ಕರ್ನಾಟಕ ಬಾಡಿಗೆ ಕಾಯ್ದೆ 1999 ಹಿಡಿದುಕೊಂಡು ಹೋದರೂ ಪ್ರಯೋಜನವಿಲ್ಲ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಯ ಮನೆಗಳು ಅದರ ಹೊರಗೆ. ಖಾಸಗಿತನದ ತೀರ್ಪು 2017ರ ಆಗಸ್ಟ್ 24ರದು, ಒಂಬತ್ತು ನ್ಯಾಯಮೂರ್ತಿಗಳ ಪೀಠ. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇ. ದೊಡ್ಡ ತೀರ್ಪು, ನನಗೂ ಅಭಿಮಾನ. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವ ಹಕ್ಕು. ಕೆಳಗಿನ ಮನೆಯ ಅಂಕಲ್ ಎದುರು ಕೆಲಸಕ್ಕೆ ಬರುವುದು ನಿಮ್ಮ ಕರಾರು.

ಹುಬ್ಬಳ್ಳಿ ಹುಡುಗ:
ಕಾಯ್ದೆ ಎಲ್ಲಾ ಖರೆ ಅದಾವ್ರಿ, ಸ್ಟೇಷನ್ನಿಗೆ ಹೋಗಿ ನಿಂತಾಗ ಗೊತ್ತಾಗ್ತದ. ನಮ್ಮ ಮಾಲಕ ನಾವು ಹುಡುಗ್ರು ಅಂತ ರಾತ್ರಿ ಹತ್ತಕ್ಕ ಬಂದು ರೂಮಿನ್ಯಾಗ ಯಾರದಾರ ಅಂತ ನೋಡಿ ಹೋಗ್ತಿದ್ದ. ಭಾರತೀಯ ನ್ಯಾಯ ಸಂಹಿತೆ ಕಲಂ 329, ಮನೆ ಅತಿಕ್ರಮ, ಒಂದು ವರ್ಷದ ತನಕ ಜೈಲು ಇಲ್ಲಾ 5,000 ದಂಡ ಅಂತ ಬರಕೊಂಡು ಹೋಗಿದ್ದೆ. ಸಾಹೇಬ್ರು "ಇದು ಸಿವಿಲ್ ಮ್ಯಾಟರ್" ಅಂದು ಹಿಂಬರಹ (ಕೇಸ್ ತಗೊಳ್ಳಂಗಿಲ್ಲ ಅಂತ ಬರದ ಚೀಟಿ) ಕೊಟ್ಟು ಕಳಿಸಿದ್ರು. ಹೆದರಿಸಾಕ, ಅವಮಾನ ಮಾಡಾಕ, ಕಿರಿಕಿರಿ ಕೊಡಾಕ ಬಂದಾನ ಅಂತ ತೋರಿಸ್ಬೇಕಂತ. ನಾ ಏನ್ ಮಾಡಿದೆ ಅಂದ್ರ, ಒಳಗಿನಿಂದ ಒಂದು ಗಟ್ಟಿ ಚಿಲಕ ಹಾಕಿಸಿದೆ. 180 ರೂಪಾಯಿ. ಕೀಲಿ ಬದಲಿ ಮಾಡಿಲ್ಲ, ಅಂವ ಏನೂ ಅನ್ನಾಕ ಬರ್ಲಿಲ್ಲ.

ಮನೆ ಕಟ್ಟಿದವನು:
ರೂಮಿಗೆ ಮೂರು ಜನ ಅಂತ ಹೇಳಿ ಏಳು ಜನ ಇರುವ ಹುಡುಗರನ್ನೂ ನೋಡಿದ್ದೇನೆ. ಓನರ್ ಬಂದು ನೋಡಬಾರದು ಅಂದರೆ ಹೇಗೆ?

ಹುಬ್ಬಳ್ಳಿ ಹುಡುಗ:
ನಾವು ಇಬ್ಬರೇ ಇದ್ವಿ ಸರ್. ನಿಮ್ಮ ಬಾಡಿಗ್ಯಾವ್ರ ಸಿಟ್ಟು ನನ್ನ ಮ್ಯಾಲೆ ತೀರಿಸ್ಬ್ಯಾಡ್ರಿ.

ಕೃಷ್ಣರಾಜಪುರದವಳು:
ನನಗೆ ಅರ್ಥವಾಗದ್ದು ಪೇಂಟಿಂಗ್ ವಿಷಯ. ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ತಾರೆ, ಗೋಡೆಗೆ ಬ್ರಷ್ ಮುಟ್ಟಿಸದೆ ಮುಂದಿನವರಿಗೆ ಕೊಡ್ತಾರೆ. ನಮ್ಮ ಹಳೇ ಮನೆಯಲ್ಲಿ ಇವತ್ತಿಗೂ ನನ್ನ ಮಗ ಕ್ರೇಯಾನಲ್ಲಿ ಬಿಡಿಸಿದ ಬಸ್ಸು ಇದೆ, ಹೊಸ ಬಾಡಿಗೆಯವರು ಫೋಟೋ ಕಳಿಸಿದ್ರು. ನನ್ನ 26,000 ಎಲ್ಲಿ ಹೋಯ್ತು?

ಮನೆ ಕಟ್ಟಿದವನು:
ಎರಡು ಬೆಡ್‌ರೂಮಿಗೆ ಪುಟ್ಟಿ, ಎರಡು ಕೋಟ್ ಹೊಡೆಸಲು ಎಷ್ಟಾಗುತ್ತದೆ ಅಂತ ಒಮ್ಮೆ ಕೇಳಿ ನೋಡಿ. 26,000ದಲ್ಲಿ ಕೂಲಿಯೂ ಹುಟ್ಟುವುದಿಲ್ಲ.

ಕೃಷ್ಣರಾಜಪುರದವಳು:
ಹೊಡೆಸಿದ್ರೆ ತಾನೇ ಕೂಲಿ!

ನಿವೃತ್ತ ಗುಮಾಸ್ತ:
ಪೇಂಟಿಂಗ್ ಬೇರೆ ಕಡೆ ಮಾತಾಡಿಕೊಳ್ಳಿ. ಕೇಳಿದವರಿಗೆ: ಓನರಿಗೆ ವಾಟ್ಸಾಪಿನಲ್ಲಿ ಮರ್ಯಾದೆಯಾಗಿ ಬರೆಯಿರಿ. "ರಿಪೇರಿಗೆ ಬರುವುದಿದ್ದರೆ ಒಂದು ದಿನ ಮೊದಲು ತಿಳಿಸಿ, ನಮ್ಮಲ್ಲಿ ಒಬ್ಬರು ಇರುತ್ತೇವೆ. ನೀರು, ಬೆಂಕಿ, ಗ್ಯಾಸ್ ತೊಂದರೆಯಾದರೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ." ಬಂದು ಹೋದ ದಿನಾಂಕವನ್ನೂ ಅದರಲ್ಲೇ ನಮೂದಿಸಿ. ನಾಳೆ ದಾವೆ ಬಂದರೆ ಅದೇ ನಿಮ್ಮ ದಾಖಲೆ. ಬೀಗದ ಬಗ್ಗೆ ಅಗ್ರಿಮೆಂಟಿನಲ್ಲಿ ಏನಿದೆ ನೋಡದೆ ಕೈ ಹಾಕಬೇಡಿ.

ಮೊದಲ ಮಹಡಿ:
ಥ್ಯಾಂಕ್ಸ್ ಸರ್. ಅಗ್ರಿಮೆಂಟ್ ತೆಗೆದು ನೋಡಿದೆ. ಬೀಗದ ಬಗ್ಗೆಯೂ ಇಲ್ಲ, ಅವರು ಒಳಗೆ ಬರೋ ಬಗ್ಗೆಯೂ ಒಂದು ಸಾಲಿಲ್ಲ. ನೀವು ಹೇಳಿದ ಹಾಗೆ ಮೆಸೇಜ್ ಕಳಿಸಿದೀನಿ. ಅಂಕಲ್ ನೋಡಿದ್ದಾರೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಒಳಚಿಲಕ ಹಾಕಿಸಿದೆ, ಹೆಂಡತಿ ಹಾಕ್ಕೊಂಡು ಮಲಗ್ತಿದ್ದಾಳೆ. ರಿನ್ಯೂವಲ್ ಹೊತ್ತಿಗೆ ಒಂದು ದಿನ ಮೊದಲು ತಿಳಿಸೋ ಮಾತು ಸೇರಿಸಿ ಅಂತ ಕೇಳ್ತೀನಿ.

ಮನೆ ಕಟ್ಟಿದವನು:
ಇದು ಸರಿ. ನನ್ನ ಬಾಡಿಗೆಯವರು ಇಷ್ಟು ಬರೆದಿದ್ದರೂ ನಾನು ಒಪ್ಪುತ್ತಿದ್ದೆ. ಊರಿಗೆ ಹೋಗುವಾಗ ಮೇನ್ ವಾಲ್ವ್ ಮುಚ್ಚಿ ಹೋಗಿ, ಅದನ್ನೂ ಬರೆದುಕೊಳ್ಳಿ.

ತುಂಗಾತೀರ:
ಒಪ್ಪದಿದ್ರೆ ಏನ್ ಮಾಡ್ತಾರೆ? ಐದು ತಿಂಗಳು ಚಿಲಕ ನಂಬ್ಕೊಂಡು ಕೂರೋದಾ? ಇಬ್ಬರೂ ಹೊರಗೆ ಹೋದಾಗ ಒಳಚಿಲಕ ಯಾರು ಹಾಕ್ತಾರೆ? ನಾನು ಈಗಲೂ ಹೇಳೋದು ಬೀಗ ಬದಲಾಯಿಸಿ ಅಂತಲೇ. ಹಳೇ ಸಿಲಿಂಡರ್ ಬಿಸಾಡಬೇಡಿ, ಬದಲಾಯಿಸೋ ಮೊದಲು ಬಾಗಿಲಿನ ಎರಡೂ ಕಡೆ ಫೋಟೋ ತೆಗೀರಿ, ಬೀಗದವರ ಹತ್ರ ಬಿಲ್ ತಗೊಳ್ಳಿ. ಆ 6,500ಕ್ಕೆ ನಮ್ಮ ಆಂಟಿ ಇವತ್ತಿನವರೆಗೂ ಒಂದು ಬಿಲ್ ಕೊಟ್ಟಿಲ್ಲ.