ಎರಡು ಔಷಧಕ್ಕೂ ನಿಲ್ಲದ ಮೂರ್ಛೆ: ಅನುಭವ ಇರುವವರು ತಿಳಿಸಿ

ಶಿವಮೊಗ್ಗದಿಂದ ಒಬ್ಬ ತಾಯಿ: ಮಗಳಿಗೆ ಹತ್ತೊಂಬತ್ತು ವರ್ಷ. ಹೈಸ್ಕೂಲಿನಲ್ಲಿ ಶುರುವಾದ ಫಿಟ್ಸ್ ಎರಡು ಬಗೆಯ ಮಾತ್ರೆ ಕೊಟ್ಟರೂ ನಿಂತಿಲ್ಲ. ವೈದ್ಯರ ಚೀಟಿಯಲ್ಲಿ ‘ಜನರಲೈಸ್ಡ್ ಎಪಿಲೆಪ್ಸಿ’ ಎಂದಿದೆ, ಅಂದರೆ ಮೆದುಳಿನ ಎರಡೂ ಬದಿಯಲ್ಲಿ ಒಟ್ಟಿಗೆ ಹುಟ್ಟುವ ಅಪಸ್ಮಾರ (ಫಿಟ್ಸ್ ಕಾಯಿಲೆ). ಈಗ ಔಷಧಕ್ಕೆ ಬಗ್ಗದ ಕಾಯಿಲೆ ಎನ್ನುತ್ತಿದ್ದಾರೆ. ಮದುವೆಯ ಮಾತೂ ಮನೆಯಲ್ಲಿ ಎದ್ದಿದೆ. ಮುಂದೇನು ಮಾಡಬೇಕು?

ಹಾಸನದ ಶಿಕ್ಷಕಿ: ಅಮ್ಮಾ, ಮೊದಲು ಆ ಎರಡು ಮಾತ್ರೆಗಳ ಹೆಸರು ನೋಡಿ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟೂ ಫಿಟ್ಸ್ ನಿಲ್ಲದಿದ್ದರೆ ಮಾತ್ರ ಔಷಧಕ್ಕೆ ಬಗ್ಗದ ಕಾಯಿಲೆ ಎನ್ನಬೇಕು ಎಂಬುದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟ 2010ರಲ್ಲಿ ಕೊಟ್ಟ ವ್ಯಾಖ್ಯೆ. ನನಗೂ ಜನರಲೈಸ್ಡ್ ಬಗೆಯ ಫಿಟ್ಸ್ ಇದೆ, ಮೊದಲು ಬರೆದುಕೊಟ್ಟದ್ದು ಕಾರ್ಬಮಜೆಪಿನ್. ಮೆದುಳಿನ ಒಂದು ಭಾಗದಲ್ಲಿ ಹುಟ್ಟುವ ಫಿಟ್ಸ್‌ಗೆ ಅದು ಒಳ್ಳೆಯ ಔಷಧವೇ. ಆದರೆ ನನ್ನಂಥವರಲ್ಲಿ ಅದುರುವಿಕೆಯನ್ನು ಹೆಚ್ಚಿಸಬಲ್ಲದು. ಫೆನಿಟಾಯಿನ್, ಆಕ್ಸ್‌ಕಾರ್ಬಜೆಪಿನ್ ಕೂಡ ಹಾಗೆಯೇ. ಬೆಳಗ್ಗೆ ಎದ್ದ ಕೂಡಲೇ ಕೈ ತಟ್ಟನೆ ಅದುರಿ ಕಾಫಿ ಲೋಟ ಜಾರುತ್ತಿತ್ತು. ಮನೆಯವರು ಗಡಿಬಿಡಿಯ ಹುಡುಗಿ ಎನ್ನುತ್ತಿದ್ದರು, ವೈದ್ಯರು ಕೇಳಲೇ ಇಲ್ಲ. ಆಮೇಲೆ ಸಿಕ್ಕ ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆಯೇ ಅದು. ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನೋಡಿ, ಹದಿಹರೆಯದಲ್ಲಿ ಶುರುವಾಗುವ ಮಯೊಕ್ಲೋನಿಕ್ ಅಪಸ್ಮಾರ, ಅಂದರೆ ಕೈಕಾಲು ತಟ್ಟನೆ ಅದುರುವ ಬಗೆ ಎಂದರು, ಔಷಧ ಬದಲಿಸಿದರು. ಮಗಳಿಗೆ ಬೆಳಗಿನ ಅದುರು ಇದೆಯೇ, ಮಾತಿನ ನಡುವೆ ಕ್ಷಣಕಾಲ ಕಣ್ಣು ಶೂನ್ಯವಾಗುತ್ತದೆಯೇ ಗಮನಿಸಿ. ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಇಷ್ಟಾದರೂ ನಿದ್ದೆಗೆಟ್ಟ ಮರುದಿನ ನನಗೆ ಈಗಲೂ ಅಪಾಯವೇ. ರಾತ್ರಿ ಬಸ್ಸಿನ ಪ್ರಯಾಣವನ್ನು ಬಿಟ್ಟೇಬಿಟ್ಟಿದ್ದೇನೆ. ಅನುಮಾನ ಉಳಿದರೆ ಇಇಜಿಯ ಜೊತೆಗೇ ರೋಗಿಯನ್ನು ಚಿತ್ರೀಕರಿಸುವ ವಿಡಿಯೊ ಇಇಜಿ ಮಾಡಿಸಿ, ಏಕೆಂದರೆ ಫಿಟ್ಸ್‌ನಂತೆ ಕಾಣುವುದೆಲ್ಲ ಅಪಸ್ಮಾರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ.

ಮೈಸೂರಿನ ಗೃಹಿಣಿ: ಮದುವೆಯ ಮಾತು ಬಂದದ್ದರಿಂದ ಹೇಳುತ್ತೇನೆ ಅಕ್ಕ. ಈ ಬಗೆಯ ಫಿಟ್ಸ್‌ಗೆ ವಾಲ್ಪ್ರೊಯೇಟ್ ಬಲವಾದ ಔಷಧ. ಆದರೆ ಬಸುರಿಯಾಗಿದ್ದಾಗ ತೆಗೆದುಕೊಂಡರೆ ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನಿಂದಲೇ ಅಂಗದೋಷವಿರುತ್ತದೆ. ಮಾತು, ಕಲಿಕೆ ಹಿಂದುಳಿಯುವ ಮಕ್ಕಳು ಇನ್ನೂ ಹೆಚ್ಚು. ಮಗಳು ಅದನ್ನೇ ನುಂಗುತ್ತಿದ್ದರೆ ಈಗಲೇ ವೈದ್ಯರೊಡನೆ ಮಾತಾಡಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ನನಗೂ ಫಿಟ್ಸ್ ಇದೆ. ಲೆವೆಟಿರಾಸಿಟಮ್ ಎಂಬ ಮಾತ್ರೆಯಿಂದ ಸಿಡುಕು ವಿಪರೀತವಾಗಿ ಲ್ಯಾಮೊಟ್ರಿಜಿನ್ ಎಂಬ ಇನ್ನೊಂದಕ್ಕೆ ಬದಲಿಸಿದರು. ಅದನ್ನು ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮೈಮೇಲೆ ದದ್ದು ಎದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಬಸುರಿನಲ್ಲಿ ರಕ್ತದಲ್ಲಿ ಅದರ ಮಟ್ಟ ಇಳಿಯುವುದರಿಂದ ನನಗೆ ಡೋಸ್ ಹೆಚ್ಚಿಸಿದ್ದರು. ಇನ್ನೊಂದು: ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂದಿದ್ದ ಅಪಸ್ಮಾರವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ದಯವಿಟ್ಟು ಮುಚ್ಚಿಡಬೇಡಿ. ಅತ್ತೆಮನೆಯಲ್ಲಿ ಕದ್ದು ನುಂಗುವ ಮಾತ್ರೆ ಒಂದಲ್ಲ ಒಂದು ದಿನ ತಪ್ಪುತ್ತದೆ.

ಹುಬ್ಬಳ್ಳಿಯ ತಂದೆ: ನನ್ನ ಮಗನದು ನಿಜವಾಗಿಯೂ ಬಗ್ಗದ ಬಗೆ, ಲೆನಾಕ್ಸ್ ಗ್ಯಾಸ್ಟೊ ಎಂಬ ಬಾಲ್ಯದಲ್ಲೇ ಶುರುವಾಗುವ ತೀವ್ರ ಅಪಸ್ಮಾರ. ಕೊಬ್ಬು ಹೆಚ್ಚು, ಪಿಷ್ಟ-ಸಕ್ಕರೆ ತೀರ ಕಡಿಮೆ ಇರುವ ಕೀಟೋಜೆನಿಕ್ ಆಹಾರದಿಂದ ಫಿಟ್ಸ್ ಬಂದು ಬೀಳುವುದು ಕಡಿಮೆಯಾಗಿದೆ, ನಿಂತಿಲ್ಲ. ರೊಟ್ಟಿ, ಅನ್ನ ಇಲ್ಲವೆಂಬಷ್ಟು ಕಡಿಮೆ. ಬೆಣ್ಣೆ, ಎಣ್ಣೆ ತೂಗಿ ಬಡಿಸಬೇಕು. ಕೆಮ್ಮಿನ ಸಿರಪ್ಪಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ರಕ್ತಪರೀಕ್ಷೆ, ಆಹಾರ ತಜ್ಞರ ನೆರವು ಇಲ್ಲದೆ ಶುರುಮಾಡುವಂಥದ್ದಲ್ಲ. ಫಿಟ್ಸ್ ಕಡಿಮೆ ಮಾಡಲು ಕತ್ತಿನ ವೇಗಸ್ ನರಕ್ಕೆ ಜೋಡಿಸಿ ಸಣ್ಣ ವಿದ್ಯುತ್ ಮಿಡಿತ ಕೊಡುವ ಸಾಧನವೂ ಇದೆ, ನಮ್ಮ ಕೈಗೆ ಎಟುಕುವ ಬೆಲೆಯಲ್ಲ. ನೀವು ಮುಂದಿನ ಭೇಟಿಯಲ್ಲೇ ನಿಲ್ಲದ ಫಿಟ್ಸ್ ಅನ್ನು ತಡೆಯುವ ಮಿಡಜೋಲಮ್ ಮೂಗಿನ ಸ್ಪ್ರೇ ಬರೆಸಿಕೊಳ್ಳಿ. ಫಿಟ್ಸ್ ಶುರುವಾದಾಗ ಗಡಿಯಾರ ನೋಡಿ, ಮಗ್ಗುಲಾಗಿ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಐದು ನಿಮಿಷ ದಾಟಿದರೆ ಸ್ಪ್ರೇ ಹಾಕಿ ಆಂಬುಲೆನ್ಸ್‌ಗೆ 108 ಒತ್ತಿ. ಮಗಳು ಹಾಸ್ಟೆಲಿನಲ್ಲಿದ್ದರೆ ಜೊತೆಯ ಹುಡುಗಿಯರಿಗೂ ಇದನ್ನು ಕಲಿಸಿಡಿ.