ಕಲಬುರಗಿಯಿಂದ ಹಾಸನಕ್ಕೆ: ಆಪ್ಷನ್ ಎಂಟ್ರಿಗೆ ಮೊದಲು

ಪ್ರಶ್ನೆ: ನಾನು ಕಲಬುರಗಿಯ ಮುಸ್ಲಿಂ ವಿದ್ಯಾರ್ಥಿನಿ. ಸಿಇಟಿ ರ‍್ಯಾಂಕ್ ನೋಡಿದರೆ ಹಾಸನ ಅಥವಾ ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಗಬಹುದು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು, ಇನ್ನೂ ಬಾಕಿ ಇದೆ. ಆ ಕಡೆ ಪರಿಚಿತರು ಯಾರೂ ಇಲ್ಲ, ಸ್ಕಾರ್ಫ್ ಧರಿಸುತ್ತೇನೆ. ಓದಿದವರು ಅನುಭವ ತಿಳಿಸಬೇಕಾಗಿ ವಿನಂತಿ.

ಹಾಸನದಲ್ಲಿ ಓದಿದ ರಾಯಚೂರಿನವರ ಉತ್ತರ: ತಂಗಿ, ಬ್ರಾಂಚ್ ಮತ್ತು ಶುಲ್ಕವನ್ನು ಎಲ್ಲರೂ ವಿಚಾರಿಸುತ್ತಾರೆ, ನಾನು ವಿಚಾರಿಸದೆ ಬಿಟ್ಟು ಕಷ್ಟಪಟ್ಟದ್ದು ವಾಸದ ವಿಷಯದಲ್ಲಿ. ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದರೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿನಲ್ಲೂ ಜಾಗ ಸಿಕ್ಕಿತೆಂದು ಭಾವಿಸಿದ್ದೆ. ಅದಕ್ಕೆ ಬೇರೆ ಅರ್ಜಿ, ಬೇರೆ ಆಯ್ಕೆ ಪಟ್ಟಿ. ಪಟ್ಟಿ ಬರುವವರೆಗೆ ಅಪ್ಪನೊಡನೆ ಬಾಡಿಗೆ ಕೋಣೆ ಹುಡುಕಿದಾಗ, ಫೋನಿನಲ್ಲಿ ಖಾಲಿ ಇದ್ದ ಕೋಣೆಗೆ ನಾವು ಹೋಗಿ ಹೆಸರು ಹೇಳಿದ ಕೂಡಲೇ ಮಾಲೀಕರ ಸಂಬಂಧಿಕರು ಬರುವವರಿದ್ದರು. ಒಂದೇ ದಿನ ಮೂರು ಕಡೆ ಹೀಗಾಯಿತು. ಆಮೇಲೆ ಫೋನಿನಲ್ಲಿಯೇ ಮೊದಲು ಹೆಸರು ಹೇಳತೊಡಗಿದೆ. ಆಟೋ ಖರ್ಚಾದರೂ ಉಳಿಯಿತು. ಮುಸ್ಲಿಮರು ಹೆಚ್ಚಿರುವ ಪೆನ್ಷನ್ ಮೊಹಲ್ಲಾದಲ್ಲಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸಿಕ್ಕರೆ ಸಾಲಗಾಮೆ ರಸ್ತೆಯ ಆಸುಪಾಸಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಪಿಜಿ ಹುಡುಕುವುದೇ ಮೇಲು.

ಸ್ಕಾರ್ಫ್ ಬಗ್ಗೆ ಕಾಲೇಜಿನ ಕಚೇರಿಯಲ್ಲಿ ಕೇಳಿ, ಸಂಕೋಚ ಬೇಡ. ಆದರೆ ಲ್ಯಾಬ್ ಮತ್ತು ವರ್ಕ್‌ಶಾಪಿನಲ್ಲಿ ನಿಜವಾಗಿ ಏನು ನಡೆಯುತ್ತದೆಂದು ಎರಡನೇ ವರ್ಷದ ವಿದ್ಯಾರ್ಥಿನಿಯರೇ ಸರಿಯಾಗಿ ಹೇಳಬಲ್ಲರು. ನನ್ನ ತರಗತಿಯಲ್ಲಿ ಸ್ಕಾರ್ಫಿನ ಬಗ್ಗೆ ಕೇಳಿದವರು ಇಬ್ಬರೋ ಮೂವರೋ, ನನ್ನ ‘ಬರ್ತೀನ್ರಿ’ ಕೇಳಿ ನಕ್ಕವರು ಇಡೀ ತರಗತಿ.

ಚಿಕ್ಕಮಗಳೂರಿನಲ್ಲಿ ನೆಲೆಸಿರುವ ಬೀದರಿನ ಪೋಷಕರ ಉತ್ತರ: ಮಗಳೇ, ಮೊದಲು ಕಾಗದಪತ್ರ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಸೀಟು ಮೀಸಲಾತಿ ಆ ಭಾಗದ ಹೊರಗಿನ ಕಾಲೇಜುಗಳಲ್ಲಿಯೂ ಶೇ. 8ರ ಮಟ್ಟಿಗೆ ಇದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರು ಕೊಡುತ್ತಾರೆ. ಮುಸ್ಲಿಮರ ಮೀಸಲಾತಿ ವರ್ಗವಾದ ಪ್ರವರ್ಗ 2ಬಿಯ ಜಾತಿ–ಆದಾಯ ಪತ್ರವೂ ಜೊತೆಗಿರಲಿ. ನಮ್ಮ ಮಗ ಇವನ್ನು ಕೊನೆ ಗಳಿಗೆಗೆ ಬಿಟ್ಟು ಎರಡು ವಾರ ಅಲೆದ. ಶುಲ್ಕಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನೂ ವಿಚಾರಿಸಿ. ಚಿಕ್ಕಮಗಳೂರು ನಮಗೆ ಒಗ್ಗಿದ ಊರು, ಆದರೂ ಒಬ್ಬಳೇ ಓಡಾಡುವ ಹುಡುಗಿಗೆ ನಾನು ಹಾಸನವನ್ನೇ ಹೇಳುತ್ತೇನೆ, ಏಕೆಂದರೆ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ಕಲಬುರಗಿಯಲ್ಲಿ ಹತ್ತಿದರೆ ಇಳಿದು ಹತ್ತುವ ಗೋಜಿಲ್ಲದೆ ತಲುಪಿಸುತ್ತದೆ.

ಹಾಸನದ ವಿದ್ಯಾರ್ಥಿನಿಯ ಉತ್ತರ: ಅಕ್ಕ, ಪಿಜಿಗೆ ಮುಂಗಡ ಕೊಡುವ ಮುನ್ನ ರಂಜಾನ್‌ನಲ್ಲಿ ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಅಡುಗೆಮನೆ ತೆರೆಯುತ್ತಾರೆಯೇ ಎಂದು ಕೇಳಿ. ನಮ್ಮಲ್ಲಿ ತೆರೆಯುತ್ತಿರಲಿಲ್ಲ, ಹಿಂದಿನ ರಾತ್ರಿಯ ಮುದ್ದೆಯನ್ನೇ ತಿಂದೆವು.